ಹಳೇ ಜೀಪಿನ ಮುಂದಿನ ಪ್ಲೇಟು, ಬುಶ್, ಶ್ಯಾಕಲ್: ಮನೆಯಲ್ಲೇ ಬದಲಾಯಿಸುವ ಸಮಗ್ರ ಮಾರ್ಗದರ್ಶಿ

ಹೊಸ ಬುಶ್ (ಬೋಲ್ಟಿನ ಸುತ್ತ ಕೂರುವ ರಬ್ಬರಿನ ಕೊಳವೆ) ಹಾಕಿಸಿ ಏಳು ತಿಂಗಳೂ ಆಗಿರಲಿಲ್ಲ. ಜೀಪಿನಡಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಮುಂದಿನ ಎಡಬದಿಯ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಜೋತುಹಾಕುವ ಕೊಂಡಿ) ಹತ್ತಿರ ರಬ್ಬರು ಹರಿದು ಚೂರುಚೂರಾಗಿ ಹೊರಗೆ ಬಂದಿತ್ತು. ಹಣ ಕೊಟ್ಟು ವರ್ಕ್‌ಶಾಪಿನಲ್ಲಿ ಮಾಡಿಸಿದ ಕೆಲಸ ಅದು. ಪ್ಲೇಟು, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್, ಹೊಸದು, ಬುಶ್ ಹೊಸದು, ಶಾಕ್ ಅಬ್ಸಾರ್ಬರೂ ಹೊಸದು. ಆದರೂ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಪೇಟೆಯಿಂದ ನಮ್ಮ ತೋಟಕ್ಕೆ ಇಳಿಯುವ ಚರಳಿನ ದಾರಿಯಲ್ಲಿ ಜೀಪು ಆಡಿನ ಮರಿಯ ಹಾಗೆ ಕುಪ್ಪಳಿಸುತ್ತಿತ್ತು.

ಸಾಮಾನಿನಲ್ಲಿ ದೋಷ ಇರಲಿಲ್ಲ. ಬೋಲ್ಟ್ ಬಿಗಿದ ಹೊತ್ತು ತಪ್ಪಾಗಿತ್ತು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಅದೊಂದನ್ನು ಹೇಳಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ. ಆಮೇಲೆ ಆ ಕೆಲಸವನ್ನು ನಾನೇ ಒಮ್ಮೆ ಮಾಡಿದೆ, ಭಾವನ ಜೀಪಿಗೆ ಇನ್ನೊಮ್ಮೆ ಮಾಡಿದೆವು. ಎರಡೂ ಜೀಪು ಈಗ ಸರಿಯಾಗಿ ಓಡುತ್ತಿವೆ.

ನಮ್ಮದು ಎತ್ತರದ ಬಾನೆಟ್ಟಿನ ಸಿಜೆ 3ಬಿ ಮಾದರಿ. ವಿಲ್ಲೀಸ್ ಕಂಪನಿ ಅಮೆರಿಕದಲ್ಲಿ 1953ರಲ್ಲಿ ತಂದ ಮಾದರಿ ಇದು. ಹೊಸ ಹರಿಕೇನ್ ಎಂಜಿನ್ ಎತ್ತರ ಜಾಸ್ತಿ ಇದ್ದ ಕಾರಣ ಬಾನೆಟ್ಟನ್ನೂ ಎತ್ತರಿಸಿದರು. ನಮ್ಮಲ್ಲಿ ಮಹೀಂದ್ರ ಕಂಪನಿ ಇದೇ ಆಕಾರವನ್ನು ದಶಕಗಳ ಕಾಲ ಮಾಡಿತು. ಹಾಗಾಗಿ ಬಿಡಿ ಸಾಮಾನಿಗೆ ಈಗಲೂ ತೊಂದರೆ ಇಲ್ಲ. ಕಾಸರಗೋಡಿನಲ್ಲಿ ಸಿಗದಿದ್ದರೆ ಪುತ್ತೂರು, ಅಲ್ಲೂ ಇಲ್ಲದಿದ್ದರೆ ಮಂಗಳೂರು.

ಇದರ ಮುಂದಿನ ಸಸ್ಪೆನ್ಶನ್ ಎಂದರೆ ಲಾರಿಯದ್ದೇ ಚಿಕ್ಕ ರೂಪ. ಕಾಯಿಲ್ ಸ್ಪ್ರಿಂಗ್ ಇಲ್ಲ, ಬಾಲ್ ಜಾಯಿಂಟ್ ಇಲ್ಲ. ಒಂದು ಗಟ್ಟಿ ಆಕ್ಸಲ್, ಅದರ ಕೆಳಗೆ ಎರಡು ಬದಿಗೆ ಎರಡು ಪ್ಲೇಟ್ ಸೆಟ್. ಸೆಟ್ಟಿನ ಹಿಂದಿನ ತುದಿ ಒಂದು ಪಿವಟ್ ಬೋಲ್ಟಿನಲ್ಲಿ ಚಾಸಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ತುದಿ ಶ್ಯಾಕಲ್ ಮೂಲಕ ಜೋತಾಡುತ್ತದೆ. ಭಾರ ಬಿದ್ದಾಗ ಪ್ಲೇಟು ಚಪ್ಪಟೆಯಾಗಿ ಉದ್ದವಾಗಬೇಕಲ್ಲ, ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್ಲಿನ ಕೆಲಸ. ಶ್ಯಾಕಲ್ ಹಿಡಿದುಕೊಂಡರೆ ಎಷ್ಟು ಒಳ್ಳೆಯ ಪ್ಲೇಟು ಹಾಕಿದರೂ ಎತ್ತಿನ ಗಾಡಿಯೇ.

ಮೊದಲು ಯಾವುದು ಕೆಟ್ಟಿದೆ ಅಂತ ನೋಡಿ

ಮುಂದೆ ಸದ್ದು ಬಂದ ಕೂಡಲೇ ಎಲ್ಲರೂ ಹೇಳುವುದು "ಪ್ಲೇಟ್ ಹೋಗಿದೆ" ಅಂತ. ಪ್ಲೇಟು ಅಷ್ಟು ಬೇಗ ಹೋಗುವ ವಸ್ತು ಅಲ್ಲ. ಮೊದಲು ಈ ನಾಲ್ಕು ಪರೀಕ್ಷೆ ಮಾಡಿ.

ಜೀಪನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಟಯರಿನ ಗಾಳಿ ಎರಡೂ ಬದಿ ಒಂದೇ ಇರಲಿ. ಚಕ್ರದ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎರಡು ಬದಿಗೆ ಒಂದು ಬೆರಳಿನಷ್ಟು ವ್ಯತ್ಯಾಸ ಇದ್ದರೆ ತಗ್ಗಿದ ಬದಿಯ ಪ್ಲೇಟು ಸೋತಿದೆ. ಎರಡೂ ಬದಿ ಸಮವಾಗಿ ತಗ್ಗಿ, ಖಾಲಿ ಜೀಪಿನಲ್ಲೇ ಪ್ಲೇಟು ನೇರವಾಗಿಯೋ ಉಲ್ಟಾ ಬಾಗಿಯೋ ಕಂಡರೆ ಎರಡೂ ಸೋತಿವೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳಲ್ಲಿ ಇದು ಜಾಸ್ತಿ. ಮೂತಿಯ ಭಾರ ಏರಿತು, ಪ್ಲೇಟು ಹಳೇದೇ ಉಳಿಯಿತು. ನಮ್ಮದೂ ಮೊದಲು ಹಾಗೇ ಇತ್ತು.

ಎರಡನೆಯದು ಕೆಂಪು ಗೆರೆ. ಪ್ಲೇಟನ್ನು ವೈರ್ ಬ್ರಶ್‌ನಲ್ಲಿ ತಿಕ್ಕಿ ಒರೆಸಿ. ಎರಡು ದಿನ ಓಡಿಸಿ ಮತ್ತೆ ನೋಡಿ. ಪ್ಲೇಟಿಗೆ ಅಡ್ಡವಾಗಿ ಕೂದಲಿನಷ್ಟು ತೆಳುವಾದ ತುಕ್ಕಿನ ಗೆರೆ ಮೂಡಿದ್ದರೆ ಅಲ್ಲಿ ಬಿರುಕು ಉಂಟು. ಹೆಚ್ಚಾಗಿ ಇದು ಪ್ಲೇಟುಗಳನ್ನು ನಡುವಿನಲ್ಲಿ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತದ ಹತ್ತಿರ, ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ಅಂಚಿನಲ್ಲಿ ಬರುತ್ತದೆ.

ಮೂರನೆಯದಕ್ಕೆ ಉದ್ದದ ಲಿವರ್ ರಾಡ್ ಬೇಕು. ಶ್ಯಾಕಲ್ ಮತ್ತು ಚಾಸಿಯ ನಡುವೆ ರಾಡ್ ಕೊಟ್ಟು ಅಲುಗಾಡಿಸಿ. ರಬ್ಬರ್ ಬುಶ್ ಸ್ವಲ್ಪ ಮಣಿಯಬೇಕು, ಸರಿ. ಆದರೆ "ಟಕ್" ಅಂತ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಬರಬಾರದು. ಒಬ್ಬರು ಒಳಗೆ ಕೂತು ಸ್ಟೇರಿಂಗ್ ಅತ್ತಿತ್ತ ತಿರುಗಿಸಲಿ, ನೀವು ಕೆಳಗೆ ನೋಡಿ. ಚಕ್ರ ತಿರುಗುವ ಮೊದಲೇ ಆಕ್ಸಲ್ ಬದಿಗೆ ಸರಿದರೆ ಬುಶ್ ಮುಗಿದಿದೆ.

ನಾಲ್ಕನೆಯದು, ಸ್ಟೇರಿಂಗ್ ನಡುಕದ ಗೊಂದಲ. 40 ಕಿಲೋಮೀಟರ್ ವೇಗದಲ್ಲಿ ಹೊಂಡಕ್ಕೆ ಬಿದ್ದ ಕೂಡಲೇ ಮುಂದಿನ ಚಕ್ರಗಳು ಗಡಗಡ ನಡುಗಿದರೆ ಅದಕ್ಕೆ ಪ್ಲೇಟು ಕಾರಣ ಆಗಿರಲೇಬೇಕು ಅಂತ ಇಲ್ಲ. ಚಕ್ರ ಎತ್ತಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಬೇರಿಂಗ್. ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಕಿಂಗ್‌ಪಿನ್ನೇ. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಸ್ಟೇರಿಂಗ್ ಸರಳಿನ ತುದಿ, ನೋಡಿ. ಇವನ್ನು ಸರಿ ಮಾಡದೆ ಪ್ಲೇಟು ಬದಲಾಯಿಸಿದರೆ ಹಣ ಹೊಳೆಗೆ.

ಶಾಕ್ ಅಬ್ಸಾರ್ಬರ್ ನೋಡುವುದು ಸುಲಭ. ಮೂತಿಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಲ್ಲಬೇಕು. ಮೂರು ನಾಲ್ಕು ಸಲ ತೂಗಿದರೆ, ಅಥವಾ ಮೈಯೆಲ್ಲ ಎಣ್ಣೆ ಜಿನುಗಿದ್ದರೆ, ಹೋಯಿತು.

ಸಾಮಾನು ತರುವಾಗ

ಹಳೇ ಪ್ಲೇಟನ್ನು ಬಡಿಸಿ ಮತ್ತೆ ಬಾಗು ಕೊಡಿಸುವುದು ನಮ್ಮ ಕಡೆ ರೂಢಿ. ಅರ್ಧ ಹಣದಲ್ಲಿ ಮುಗಿಯುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಸುಮ್ನೆ ತಣಿಯಲು ಬಿಟ್ಟರೆ ಉಕ್ಕಿನ ಹದ ಹೋಗುತ್ತದೆ. ಮತ್ತೆ ಹದವಾಗಿ ಎಣ್ಣೆಗೆ ಅದ್ದಿ ಪಾಕ ಮಾಡುವವರು ಕಡಿಮೆ. ಒಂದು ಮಳೆಗಾಲ ಕಳೆಯುವಾಗ ಮತ್ತೆ ಕೂತುಬಿಡುತ್ತದೆ. ಕಾಯಿಸದೆ ತಣ್ಣಗೆ ಬಡಿದು ಬಾಗಿಸುವವರು ಸಿಕ್ಕಿದರೆ ಆ ಮಾತು ಬೇರೆ.

ಹೊಸ ಸೆಟ್ ಕೊಳ್ಳುವಾಗ ಹಳೆಯದರ ಅಳತೆ ಬರೆದುಕೊಂಡು ಹೋಗಿ. ಎಷ್ಟು ಪ್ಲೇಟು, ಕಣ್ಣಿನಿಂದ ಕಣ್ಣಿಗೆ (ಕಣ್ಣು ಅಂದರೆ ಪ್ಲೇಟಿನ ತುದಿಯಲ್ಲಿ ಬುಶ್ ಕೂರುವ ಉರುಟು ತೂತು) ಉದ್ದ ಎಷ್ಟು, ಸೆಂಟರ್ ಬೋಲ್ಟ್ ಪ್ರತಿ ಕಣ್ಣಿನಿಂದ ಎಷ್ಟು ದೂರ, ಅಗಲ ಎಷ್ಟು, ಕಣ್ಣಿನ ಒಳ ಅಳತೆ ಎಷ್ಟು. ವಿಲ್ಲೀಸ್ ಮೂಲದ ಪ್ಲೇಟಿನ ಅಗಲ 1¾ ಇಂಚು, ಅಂದರೆ ಸುಮಾರು 44.5 ಮಿಲಿಮೀಟರ್. ಬೇರೆ ಮಾದರಿಯ ಸೆಟ್ ನೋಡಲಿಕ್ಕೆ ಇದೇ ತರ ಇರುತ್ತದೆ, ಕೂರಿಸುವಾಗ ಮಾತ್ರ ಯು ಬೋಲ್ಟ್ ಹಿಡಿಯುವುದಿಲ್ಲ. ಎಡಬಲ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಕೆಲವು ಜೀಪುಗಳಲ್ಲಿ ಎರಡು ಬದಿಯ ಸೆಟ್ಟಿನ ಬಿಗಿ ಬೇರೆ ಬೇರೆ ಇರುತ್ತದೆ. ಬಿಚ್ಚುವಾಗಲೇ ಎಡ, ಬಲ ಅಂತ ಸುಣ್ಣದಲ್ಲಿ ಗುರುತು ಹಾಕಿ.

ಇನ್ನು ಯು ಬೋಲ್ಟ್. ಹಳೆಯದನ್ನು ಮತ್ತೆ ಹಾಕಲೇಬೇಡಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟ್ ಉದ್ದವಾಗಿರುತ್ತದೆ, ಥ್ರೆಡ್ ತುಕ್ಕು ತಿಂದಿರುತ್ತದೆ. ಪ್ಲೇಟು ಆಕ್ಸಲಿಗೆ ಅಂಟಿ ಕೂರುವುದು ಇವುಗಳ ಎಳೆತದಿಂದಲೇ. ಇದರ ಜೊತೆ ಸೆಂಟರ್ ಬೋಲ್ಟ್, ಬುಶ್, ಶ್ಯಾಕಲ್ ಬೋಲ್ಟ್, ಲಾಕ್ ನಟ್, ಬಂಪ್ ರಬ್ಬರು, ಎರಡು ಶಾಕ್ ಅಬ್ಸಾರ್ಬರ್. ಎಲ್ಲ ಹೊಸದೇ ಇರಲಿ.

ಎತ್ತರ ಮಾಡುವ ಉದ್ದದ ಶ್ಯಾಕಲ್ ಇಡಿ ಅಂತ ಅಂಗಡಿಯವರು ಹೇಳಬಹುದು. ಬೇಡ. ಆಕ್ಸಲಿನ ಓರೆ ತಪ್ಪಿ ಸ್ಟೇರಿಂಗ್ ಹಗುರವಾಗಿ ಅಲೆದಾಡುತ್ತದೆ. ಕಾನೂನಿನ ಮಾತೂ ಉಂಟು: ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಾಡು ಮಾಡುವಂತಿಲ್ಲ ಅಂತ ಹೇಳಿದೆ.

ಸ್ಪ್ಯಾನರಿನ ಲೆಕ್ಕ

ಜೀಪು ಇಂಚಿನ ಕಾಲದ್ದು. ಬೈಕಿಗೆ ತಂದಿಟ್ಟ ಮಿಲಿಮೀಟರ್ ಸೆಟ್ಟು ಇಲ್ಲಿ ಕೈ ಕೊಡುತ್ತದೆ. 3/4 ಇಂಚು ಅಂದರೆ 19.05 ಮಿಲಿಮೀಟರ್, 19ರ ಸ್ಪ್ಯಾನರ್ ಚೆನ್ನಾಗಿ ಕೂರುತ್ತದೆ. 9/16 ಅಂದರೆ 14.3, 14 ಹೊಗುವುದಿಲ್ಲ, 15 ಹಾಕಿದರೆ ಬೋಲ್ಟಿನ ತಲೆ ಉರುಟಾಗುತ್ತದೆ. ಹಾಗಾಗಿ 1/2, 9/16, 5/8, 11/16, 3/4 ಇಷ್ಟಾದರೂ ಇಂಚಿನದ್ದೇ ತನ್ನಿ.

ಉಳಿದಂತೆ: ಎರಡು ಜಾಕಿ, ಎರಡು ಗಟ್ಟಿ ಜಾಕ್ ಸ್ಟ್ಯಾಂಡ್, ಎರಡು ದೊಡ್ಡ ಜಿ ಕ್ಲಾಂಪ್, ಗ್ರೈಂಡರ್, ವೈರ್ ಬ್ರಶ್, ಸ್ಪ್ಯಾನರಿಗೆ ಸಿಕ್ಕಿಸುವ ಒಂದು ಮೀಟರ್ ಪೈಪು, ಟಾರ್ಕ್ ರೆಂಚ್, ಗ್ರೀಸ್ ಗನ್. ಬುಶ್ ಕೂರಿಸಲು ಎರಡು ಅಡಿಯ ಥ್ರೆಡ್ ರಾಡ್, ಅದಕ್ಕೆ ನಟ್ಟು, ದಪ್ಪ ವಾಶರು. ಮಲಗಲು ಅಡಿಕೆ ಹಾಳೆ. ನಗಬೇಡಿ, ರಟ್ಟಿಗಿಂತ ಚೆನ್ನಾಗಿ ಜಾರುತ್ತದೆ. ಬಿಚ್ಚಿದ ನಟ್ಟುಬೋಲ್ಟು ಹಾಕಿಡಲೂ ಹಾಳೆಯ ತಟ್ಟೆಯೇ ಒಳ್ಳೆಯದು, ಎಡಕ್ಕೊಂದು ಬಲಕ್ಕೊಂದು.

ಮುರಕಲ್ಲನ್ನು (ನಮ್ಮ ಕಡೆಯ ಕೆಂಪು ಲ್ಯಾಟರೈಟ್ ಕಲ್ಲು) ಜೀಪಿನಡಿ ಆನಿಸಲು ಯಾವತ್ತೂ ಇಡಬೇಡಿ. ಹೊರಗೆ ಗಟ್ಟಿ ಕಂಡರೂ ಒಳಗೆಲ್ಲ ತೂತು. ಭಾರ ಒಂದು ಮೂಲೆಗೆ ಬಿದ್ದರೆ ಎಚ್ಚರಿಕೆಯೇ ಇಲ್ಲದೆ ಸೀಳುತ್ತದೆ. ಸಿಮೆಂಟ್ ಬ್ಲಾಕೂ ಹಾಗೇ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಅಟ್ಟಿ ಕಟ್ಟಿ ಇಡಿ. ಟಯರಿಗೆ ಕಲ್ಲು ಕೊಡಲು ಮಾತ್ರ ಮುರಕಲ್ಲು ಸಾಕು.

ಹೊತ್ತು ಯಾವುದು ಅಂದರೆ, ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಪತ್ತನಾಜೆಯ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಮೊದಲು. ನಾನು ಮೊದಲ ಸಲ ಫೆಬ್ರವರಿಯಲ್ಲಿ ಅಂಗಳದ ಮೂಲೆಯಲ್ಲಿ ಶುರು ಮಾಡಿ, ಅಡಿಕೆಗೆ ಗ್ರೀಸ್ ತಾಗಿತು ಅಂತ ಅಮ್ಮನಿಂದ ಬೈಸಿಕೊಂಡೆ. ಮಣ್ಣಿನ ಅಂಗಳಕ್ಕಿಂತ ಸಿಮೆಂಟ್ ನೆಲ ಬೇಕು. ಮಣ್ಣಿನಲ್ಲಿ ಜಾಕಿ ಓರೆಯಾಗಿ ಹೂತುಕೊಳ್ಳುತ್ತದೆ.

ಮೂರು ದಿನ ಮೊದಲೇ ಶುರು ಮಾಡಿ

ನಮ್ಮಲ್ಲಿ ನಾಲ್ಕು ತಿಂಗಳ ಮಳೆ, ಮಂಜೇಶ್ವರ ಕುಂಬಳೆಯ ಕಡೆಯಾದರೆ ಮೇಲಿಂದ ಸಮುದ್ರದ ಉಪ್ಪುಗಾಳಿ. ಜೀಪಿನಡಿಯ ಒಂದೊಂದು ನಟ್ಟೂ ತುಕ್ಕಿನಲ್ಲಿ ಬೆಸೆದಿರುತ್ತದೆ. ಎಲ್ಲ ನಟ್ಟುಗಳನ್ನೂ ಬ್ರಶ್‌ನಲ್ಲಿ ತಿಕ್ಕಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ದಿನಕ್ಕೆ ಎರಡು ಸಲ, ಮೂರು ದಿನ.

ಭಾವ ಬಂದು ನೋಡಿ, "ಎಂತಕ್ಕೆ ಮಾರಾಯ ಅಷ್ಟು ಹಣ ಕೊಟ್ಟು ಸ್ಪ್ರೇ? ತೆಂಗಿನೆಣ್ಣೆ ಬಿಡು" ಅಂದ.

"ಭಾವ, ತೆಂಗಿನೆಣ್ಣೆ ದೋಸೆಗೆ. ಇಲ್ಲಿಗೆ ಬೇಡ" ಅಂದೆ. ದಪ್ಪ ಎಣ್ಣೆ ತುಕ್ಕಿನ ಸಂದಿಗೆ ಇಳಿಯುವುದಿಲ್ಲ. ಸ್ಪ್ರೇ ಬೇಡ ಅನ್ನುವವರು ಡೀಸೆಲಿಗೆ ಸ್ವಲ್ಪ ಪವರ್ ಸ್ಟೇರಿಂಗ್ ಎಣ್ಣೆ ಸೇರಿಸಿ ಬಿಡಬಹುದು, ಕೆಲಸ ಮಾಡುತ್ತದೆ. ಆದರೆ ಉಳಿಸಿಕೊಳ್ಳುವ ರಬ್ಬರಿಗೆ ಮತ್ತು ಬ್ರೇಕ್ ಹೋಸಿಗೆ ತಾಗದ ಹಾಗೆ ನೋಡಿಕೊಳ್ಳಿ.

ಎತ್ತುವುದು

ಹಿಂದಿನ ಎರಡೂ ಚಕ್ರಕ್ಕೆ ಎದುರೂ ಹಿಂದೂ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಮಾತ್ರ ನಂಬಬೇಡಿ. ಹಳೇ ಜೀಪಿನಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಸಾಕು, ಡಿಫರೆನ್ಶಿಯಲ್ ಮೂಲಕ ಜೀಪು ಉರುಳುತ್ತದೆ.

ಜಾಕಿ ಕೊಡುವ ಮೊದಲು ವೀಲ್ ನಟ್ ಕಾಲು ಸುತ್ತು ಸಡಿಲ ಮಾಡಿ. ಇಲ್ಲೊಂದು ಗುಂಡಿ ಉಂಟು. ಹಳೇ ವಿಲ್ಲೀಸ್ ಮೂಲದ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟು ಉಲ್ಟಾ ಥ್ರೆಡ್ಡಿನದು. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕೊರೆದಿದೆಯಾ ನೋಡಿ. ಇದ್ದರೆ ಪ್ರದಕ್ಷಿಣೆ ಹಾಕಿದ ಹಾಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ಸ್ಟಡ್ ಮುರಿದವರು ಪ್ರತಿ ಊರಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮೂರಲ್ಲಿ ಆ ಒಬ್ಬ ನಾನೇ.

ಈಗ ಮೂತಿ ಎತ್ತಿ. ಮುಂದಿನ ಪ್ಲೇಟಿನ ಹಿಂದಿನ ಬ್ರಾಕೆಟ್ಟಿಗಿಂತ ಸ್ವಲ್ಪ ಹಿಂದೆ, ಚಾಸಿಯ ಎರಡೂ ಪಟ್ಟಿಗೆ ಸ್ಟ್ಯಾಂಡ್ ಕೊಡಿ. ಭಾರ ಚಾಸಿಯ ಮೇಲೆ ಬೀಳಬೇಕು, ಆಕ್ಸಲ್ ಜೋತಾಡಬೇಕು. ಎತ್ತಿದ ಮೇಲೆ ಜೀಪನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಅಡಿಗೆ ಹೋಗುವ ಮೊದಲೇ ಬೀಳಲಿ. ತೆಗೆದ ಚಕ್ರಗಳನ್ನು ಚಾಸಿಯ ಅಡಿ ಮಲಗಿಸಿಡಿ, ಸ್ಟ್ಯಾಂಡ್ ಜಾರಿದರೂ ಚಕ್ರ ತಡೆಯುತ್ತದೆ.

ಎರಡನೇ ಜಾಕಿಯನ್ನು ಆಕ್ಸಲಿನ ಅಡಿ, ಕೆಲಸ ಮಾಡುವ ಬದಿಯ ಪ್ಲೇಟಿನ ಹತ್ತಿರ ಕೊಡಿ. ಡಿಫರೆನ್ಶಿಯಲ್ ಗುಂಡಿನ ಅಡಿ ಬೇಡ. ಬ್ರೇಕ್ ಹೋಸಿನ ಮೇಲೆ ಕಣ್ಣಿಡಿ, ಆಕ್ಸಲ್ ಜೋತುಬಿದ್ದು ಹೋಸ್ ಎಳೆಯಬಾರದು.

ಬಿಚ್ಚುವುದು

ಒಂದು ಸಲಕ್ಕೆ ಒಂದೇ ಬದಿ. ಇದು ಬಹಳ ಮುಖ್ಯ. ಇನ್ನೊಂದು ಬದಿಯ ಪ್ಲೇಟು ಆಕ್ಸಲನ್ನು ಜಾಗದಲ್ಲಿ ಹಿಡಿದಿಟ್ಟಿರುತ್ತದೆ. ಎರಡೂ ಬಿಚ್ಚಿದರೆ ಆಕ್ಸಲ್ ಜಾಕಿಯ ಮೇಲೆ ಉರುಳಾಡುತ್ತದೆ, ಮತ್ತೆ ಸೇರಿಸಲು ನಾಲ್ಕು ಜನ ಬೇಕು.

ಮೊದಲು ಶಾಕ್ ಅಬ್ಸಾರ್ಬರಿನ ಕೆಳಗಿನ ತುದಿ ಬಿಚ್ಚಿ. ಆಮೇಲೆ ಯು ಬೋಲ್ಟ್. ಜೀಪಿನಲ್ಲಿ ಪ್ಲೇಟು ಆಕ್ಸಲಿನ ಕೆಳಗೆ ಇರುವ ಕಾರಣ ನಟ್ಟುಗಳು ಕೆಳಮುಖವಾಗಿ, ಕೆಸರು ನೀರಿಗೆ ಬಾಯಿ ಕೊಟ್ಟು ನಿಂತಿರುತ್ತವೆ. ಹತ್ತು ನಿಮಿಷದಲ್ಲಿ ಬರದಿದ್ದರೆ ಜಗಳ ಬೇಡ, ಗ್ರೈಂಡರಿನಲ್ಲಿ ಕತ್ತರಿಸಿ. ಹೇಗೂ ಹೊಸದು ಹಾಕುತ್ತೀರಿ. ಆದರೆ ಕಿಡಿ ಹಾರುವ ದಿಕ್ಕು ನೋಡಿ. ಈ ಜೀಪುಗಳ ಇಂಧನ ಟ್ಯಾಂಕ್ ಡ್ರೈವರ್ ಸೀಟಿನ ಅಡಿ ಇರುತ್ತದೆ. ಪಕ್ಕದಲ್ಲಿ ಒಂದು ಬಾಲ್ದಿ ಮರಳು, ಒದ್ದೆ ಗೋಣಿ ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಹಾಕದೆ ಗ್ರೈಂಡರ್ ಮುಟ್ಟಬೇಡಿ.

ಯು ಬೋಲ್ಟ್ ಬಂದ ಮೇಲೆ ಆಕ್ಸಲ್ ಜಾಕಿಯನ್ನು ಒಂದಿಂಚು ಏರಿಸಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ತೂತದಿಂದ ಬಿಡಿಸಿಕೊಳ್ಳುತ್ತದೆ. ಪ್ಲೇಟಿಗೂ ಆಕ್ಸಲಿಗೂ ನಡುವೆ ಬೆಣೆಯ ಆಕಾರದ ತೆಳು ತುಂಡು ಇದ್ದರೆ ಅದರ ದಪ್ಪ ತುದಿ ಯಾವ ಕಡೆ ಇತ್ತು ಅಂತ ಕೂಡಲೇ ಫೋಟೋ ತೆಗೆಯಿರಿ. ಕ್ಯಾಸ್ಟರ್ ಅನ್ನುವ ಆಕ್ಸಲಿನ ಓರೆಯನ್ನು ಸರಿಮಾಡಲು ಇಟ್ಟ ಬೆಣೆ ಅದು. ಮೂಲ ಜೀಪಿನಲ್ಲಿ ಈ ಓರೆ 3 ಡಿಗ್ರಿ. ಬೆಣೆ ತಿರುಗಿ ಕೂತರೆ, ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಇನ್ನು ಉಳಿದದ್ದು ಪಿವಟ್ ಮತ್ತು ಶ್ಯಾಕಲ್. ನಿಮ್ಮ ಜೀಪಿನಲ್ಲಿ ಎರಡರಲ್ಲಿ ಯಾವ ಜಾತಿ ಉಂಟು ಅಂತ ಇಲ್ಲಿ ನೋಡಿಕೊಳ್ಳಬೇಕು.

ಭಾವನದ್ದು ಹಳೇ ಕ್ರಮ. ಶ್ಯಾಕಲ್ ಅಂದರೆ ಯು ಆಕಾರದ ಒಂದೇ ತುಂಡು, ಎರಡೂ ಕಾಲಿಗೆ ಥ್ರೆಡ್, ಅದರ ಮೇಲೆ ತಿರುಗಿಸಿ ಕೂರಿಸಿದ ಕಬ್ಬಿಣದ ಬುಶ್, ತಲೆಯಲ್ಲಿ ಗ್ರೀಸ್ ನಿಪ್ಪಲ್. ಇದರಲ್ಲಿ ರಬ್ಬರಿನ ಬುಶ್ ಇಲ್ಲ, ಗ್ರೀಸ್ ಹೊರಬಾರದ ಹಾಗೆ ಸೀಲ್ ಮಾತ್ರ. ಈ ಜಾತಿಯಲ್ಲಿ ಕೆಲವು ಬುಶ್ಶಿಗೆ ಉಲ್ಟಾ ಥ್ರೆಡ್ ಇರುತ್ತದೆ. ಉಲ್ಟಾ ಬುಶ್ಶಿನ ತಲೆಯ ಸುತ್ತ ಒಂದು ಗೀರು, ಅದರ ಶ್ಯಾಕಲ್ ಕಾಲಿನ ಮೇಲೆ ಒಂದು ಸಣ್ಣ ಗಂಟು ಗುರುತಿಗೆ ಇರುತ್ತದೆ. ಕೆಸರು ಕೆರೆದು ಬೆರಳಾಡಿಸಿ ಹುಡುಕಿ, ಆಮೇಲೆ ಸ್ಪ್ಯಾನರ್ ಹಾಕಿ.

ನಮ್ಮದರಲ್ಲಿ ಎರಡು ಪಟ್ಟಿ, ಎರಡು ನೇರ ಬೋಲ್ಟ್, ರಬ್ಬರ್ ಬುಶ್. ನಟ್ಟು ಸುಲಭದಲ್ಲಿ ಬಂತು. ಬೋಲ್ಟ್ ಬರಲಿಲ್ಲ. ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೂ ಬೋಲ್ಟಿಗೂ ತುಕ್ಕು ಹಿಡಿದು ಒಂದೇ ಆಗಿತ್ತು. ತಿರುಗಿಸಿದರೆ ರಬ್ಬರಿನ ಸಮೇತ ತಿರುಗುತ್ತದೆ, ಬಿಟ್ಟರೆ ಹಿಂದೆ ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ರಬ್ಬರು ಪೆಟ್ಟನ್ನು ನುಂಗುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕೊನೆಗೆ ಪ್ಲೇಟಿನ ಕಣ್ಣಿಗೂ ಶ್ಯಾಕಲ್ ಪಟ್ಟಿಗೂ ನಡುವಿನ ಸಂದಿಯಲ್ಲಿ ಬ್ಲೇಡ್ ಇಳಿಸಿ ಬೋಲ್ಟನ್ನೇ ಎರಡು ಕಡೆ ಕತ್ತರಿಸಿದೆ. ಮೊದಲೇ ಮಾಡಬಹುದಿತ್ತು. ಬೆಂಕಿ ಹಾಕಿ ಕಾಯಿಸುವವರು ಇದ್ದಾರೆ. ಸುಟ್ಟ ರಬ್ಬರಿನ ಹೊಗೆ ಒಳ್ಳೆಯದಲ್ಲ, ಟ್ಯಾಂಕೂ ಹತ್ತಿರ. ನಾನು ಮಾಡುವುದಿಲ್ಲ.

ಪ್ಲೇಟು ಹೊರಗೆ ಬಂದ ಮೇಲೆ ಚಾಸಿ ನೋಡಿ. ಬ್ರಾಕೆಟ್ಟಿನ ರಿವೆಟ್ ಸಡಿಲವಾ, ಅದರ ಸುತ್ತ ಬಿರುಕಾ, ಆಕ್ಸಲಿನ ತೂತ ಉದ್ದುದ್ದ ಸವೆದಿದೆಯಾ. ಸುತ್ತಿಗೆಯಲ್ಲಿ ಮೆಲ್ಲ ತಟ್ಟುತ್ತ ಹೋಗಿ. ಗಟ್ಟಿ ಜಾಗ "ಟಣ್" ಅನ್ನುತ್ತದೆ, ತುಕ್ಕು ತಿಂದ ಜಾಗ "ದಬ್" ಅನ್ನುತ್ತದೆ. "ದಬ್" ಅಂದರೆ ಇಲ್ಲಿಗೆ ನಿಲ್ಲಿಸಿ, ಚಾಸಿ ವೆಲ್ಡಿಂಗ್ ಗೊತ್ತಿರುವವರನ್ನು ಕರೆಯಿರಿ.

ಹೊಸ ಪ್ಲೇಟಿನ ತಯಾರಿ

ಹೊಸ ಸೆಟ್ಟಿನ ಸೆಂಟರ್ ಬೋಲ್ಟ್ ಬಿಚ್ಚಬೇಕಾಗಿ ಬಂದರೆ ಬೋಲ್ಟಿನ ಎರಡೂ ಬದಿಗೆ ಜಿ ಕ್ಲಾಂಪ್ ಬಿಗಿದ ನಂತರವೇ ಬಿಚ್ಚಿ. ಪ್ಲೇಟುಗಳು ಒಂದನ್ನೊಂದು ತಳ್ಳುತ್ತ ಕೂತಿರುತ್ತವೆ. ಕ್ಲಾಂಪ್ ಇಲ್ಲದೆ ಬಿಚ್ಚಿದರೆ ಕೈಗೋ ಮುಖಕ್ಕೋ ಹಾರುತ್ತದೆ.

ಪ್ಲೇಟಿನ ನಡುವೆ ಗ್ರೀಸ್ ಹಾಕಬೇಕಾ ಬೇಡವಾ ಅಂತ ಕೇಳಿದರೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಜಾಸ್ತಿ ಹಾಕಿದರೆ ನಮ್ಮ ಕೆಂಪು ಧೂಳು ಸೇರಿ ಮರಳುಕಾಗದದ ಹಾಗೆ ಉಜ್ಜುತ್ತದೆ. ನಾನು ಪ್ಲೇಟಿನ ತುದಿ ಉಜ್ಜುವ ಎರಡು ಇಂಚು ಜಾಗಕ್ಕೆ ಮಾತ್ರ ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿದೆ.

ರಬ್ಬರ್ ಬುಶ್ ಕೂರಿಸುವಾಗ ಕಣ್ಣಿನ ಒಳಭಾಗ ಚೆನ್ನಾಗಿ ತಿಕ್ಕಿ ನುಣುಪು ಮಾಡಿ. ಥ್ರೆಡ್ ರಾಡನ್ನು ಕಣ್ಣಿನೊಳಗೆ ತೂರಿಸಿ. ಒಂದು ಬದಿಗೆ ಬುಶ್ಶಿಗಿಂತ ದೊಡ್ಡ ಪೈಪಿನ ತುಂಡು, ಇನ್ನೊಂದು ಬದಿಗೆ ಬುಶ್ ಮತ್ತು ವಾಶರ್. ನಟ್ಟು ತಿರುಗಿಸುತ್ತ ಹೋದರೆ ಬುಶ್ ನೇರವಾಗಿ ಒಳಗೆ ಎಳೆದುಕೊಳ್ಳುತ್ತದೆ. ಜಾರಲಿಕ್ಕೆ ಬಟ್ಟೆ ಸೋಪಿನ ನೀರು ಸಾಕು. ಎಣ್ಣೆ, ಗ್ರೀಸ್, ಡೀಸೆಲ್ ಯಾವುದೂ ಬೇಡ. ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಜೋಡಿಸುವುದು

ಹಿಂದಿನ ತುದಿ ಮೊದಲು. ಪಿವಟ್ ಬೋಲ್ಟ್ ತೂರಿಸಿ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ಬಿಡಿ. ಆಮೇಲೆ ಮುಂದಿನ ತುದಿಯನ್ನು ಶ್ಯಾಕಲ್ಲಿಗೆ. ಇಲ್ಲೂ ಬೆರಳಿನ ಬಿಗಿ ಮಾತ್ರ. ಕೈ ತುರಿಸುತ್ತದೆ, ಸ್ಪ್ಯಾನರ್ ಹಾಕಿ ಎಳೆಯುವ ಅನಿಸುತ್ತದೆ. ಎಳೆಯಬೇಡಿ.

ಬೆಣೆ ಇದ್ದರೆ ಫೋಟೋ ನೋಡಿ ಜಾಗದಲ್ಲಿ ಇಡಿ. ಆಕ್ಸಲ್ ಜಾಕಿ ಮೆಲ್ಲ ಇಳಿಸಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ತೂತಕ್ಕೆ ಸರಿಯಾಗಿ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕೂರದೆ ಯು ಬೋಲ್ಟ್ ಬಿಗಿದರೆ ಆಕ್ಸಲ್ ಒಂದು ಬದಿಗೆ ಹಿಂದೆ ಮುಂದೆ ಆಗಿ, ಜೀಪು ಏಡಿಯ ಹಾಗೆ ಓರೆಯಾಗಿ ಓಡುತ್ತದೆ.

ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಿರಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ನಿಮ್ಮ ಮಾದರಿಯ ಸರ್ವಿಸ್ ಪುಸ್ತಕದ ಲೆಕ್ಕಕ್ಕೆ. ನಾಲ್ಕೂ ಕಾಲು ಸಮವಾಗಿ ಹೊರಗೆ ಇಣುಕಬೇಕು. ಹೀಗೇ ಇನ್ನೊಂದು ಬದಿ. ಆಮೇಲೆ ಶಾಕ್ ಅಬ್ಸಾರ್ಬರ್. ಹಾಕುವ ಮೊದಲು ಅದನ್ನು ನೆಟ್ಟಗೆ ಹಿಡಿದು ಐದಾರು ಸಲ ಎಳೆದು ಒತ್ತಿ, ಒಳಗಿನ ಗಾಳಿ ಹೋಗುತ್ತದೆ.

ಚಕ್ರ ಹಾಕಿ, ಜೀಪು ನೆಲಕ್ಕೆ ಇಳಿಸಿ. ವೀಲ್ ನಟ್ ಅರ್ಧ ಇಂಚಿನ ಸ್ಟಡ್ಡಿಗೆ ಸುಮಾರು 9ರಿಂದ 10 ಕೆಜಿ-ಮೀಟರ್.

ಈಗ ಬಿಗಿಯಿರಿ

ಶುರುವಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ರಬ್ಬರ್ ಬುಶ್ ಬೋಲ್ಟಿನ ಮೇಲೆ ಜಾರಿ ತಿರುಗುವ ವಸ್ತು ಅಲ್ಲ. ನಟ್ಟು ಬಿಗಿದಾಗ ಒಳಗಿನ ಕೊಳವೆ ಎರಡು ಪಟ್ಟಿಗಳ ನಡುವೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಹೊರಗಿನ ಭಾಗ ಪ್ಲೇಟಿನ ಕಣ್ಣಿಗೆ ಅಂಟಿರುತ್ತದೆ. ಪ್ಲೇಟು ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರು ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ, ಬಟ್ಟೆ ಹಿಂಡಿದ ಹಾಗೆ. ಜೀಪು ನೆಲದ ಮೇಲೆ ಸುಮ್ಮನೆ ನಿಂತಾಗ ಈ ರಬ್ಬರು ತಿರುಚದೆ ಇರಬೇಕು. ಆಗ ಮೇಲಕ್ಕೂ ಕೆಳಕ್ಕೂ ಸಮಾನ ಅವಕಾಶ.

ನನ್ನ ಜೀಪಿಗೆ ಆದದ್ದೇನು? ಸ್ಟ್ಯಾಂಡಿನ ಮೇಲೆ, ಪ್ಲೇಟು ಜೋತುಬಿದ್ದಿರುವಾಗಲೇ ಎಲ್ಲ ಬಿಗಿದುಬಿಟ್ಟಿದ್ದರು. ನೆಲಕ್ಕೆ ಇಳಿಸಿದ ಕ್ಷಣದಲ್ಲೇ ರಬ್ಬರು ಹಿಂಡಿಕೊಂಡಿತು. ನಿಂತಲ್ಲೂ ಹಿಂಡಿಕೊಂಡೇ ಇತ್ತು. ಹೊಂಡಕ್ಕೆ ಬಿದ್ದರೆ ಮತ್ತಷ್ಟು. ಹರಿಯದೆ ಇನ್ನೇನಾಗುತ್ತದೆ? ಆ ಹಿಂಡುವ ಬಲವೇ ಪ್ಲೇಟಿನ ಬಿಗಿಗೂ ಸೇರಿ ಕುಪ್ಪಳಿಸುತ್ತಿತ್ತು.

ಹಾಗಾಗಿ ಹೀಗೆ ಮಾಡಿ. ಕಲ್ಲು ತೆಗೆದು ಜೀಪನ್ನು ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ ನೂಕಿ. ಮೂತಿಯ ಮೇಲೆ ಇಬ್ಬರು ಕೂತು ನಾಲ್ಕೈದು ಸಲ ಕುಲುಕಿಸಿ. ಎಲ್ಲವೂ ತನ್ನ ಜಾಗಕ್ಕೆ ಕೂರುತ್ತದೆ. ಮತ್ತೆ ಕಲ್ಲು ಕೊಟ್ಟು ಅಡಿಗೆ ಹೋಗಿ, ಚಕ್ರಗಳು ನೆಲದ ಮೇಲಿರುವಾಗಲೇ ಪಿವಟ್ ಮತ್ತು ಶ್ಯಾಕಲ್ ನಟ್ಟುಗಳನ್ನು ಪೂರ್ತಿ ಬಿಗಿಯಿರಿ. ಜಾಗ ಇಕ್ಕಟ್ಟು, ಮುಖಕ್ಕೆ ಮಣ್ಣು ಬೀಳುತ್ತದೆ. ಸ್ಟ್ಯಾಂಡಿನ ಮೇಲೆಯೇ ಬಿಗಿಯುವ ಆಸೆ ಯಾಕೆ ಬರುತ್ತದೆ ಅಂತ ಆಗ ಅರ್ಥವಾಗುತ್ತದೆ.

ಭಾವನ ಜೀಪಿನ ಥ್ರೆಡ್ ಶ್ಯಾಕಲ್ಲಿಗೆ ಈ ನಿಯಮ ಇಲ್ಲ. ಅಲ್ಲಿ ಬುಶ್ ಚಾಸಿಗೆ ಅಥವಾ ಕಣ್ಣಿಗೆ ಬಿಗಿಯಾಗಿ ಕೂರಬೇಕು, ಆದರೆ ಶ್ಯಾಕಲ್ ಅದರೊಳಗೆ ಕೈಯಲ್ಲೇ ಸಲೀಸಾಗಿ ಆಡಬೇಕು. ಮೇಲಿನ ಕೆಳಗಿನ ಬುಶ್ಶನ್ನು ಸಮ ಸುತ್ತು ತಿರುಗಿಸಿ, ಶ್ಯಾಕಲ್ ಒಂದು ಕಡೆಗೆ ಎಳೆಯದ ಹಾಗೆ ನೋಡಿ. ಆಮೇಲೆ ಸೀಲಿನ ಬಳಿ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ನಮ್ಮ ಮಳೆಗೆ ತಿಂಗಳಿಗೊಮ್ಮೆ ಗ್ರೀಸ್ ಬೇಕು.

ಓಡಿಸಿದ ಮೇಲೆ

ಆಕ್ಸಲ್ ಬಿಚ್ಚಿ ಕೂರಿಸಿದ್ದರಿಂದ ಚಕ್ರದ ಟೋ, ಅಂದರೆ ಮುಂದಿನ ಎರಡು ಚಕ್ರಗಳು ಎಷ್ಟು ಒಳಮುಖವಾಗಿವೆ ಅಂತ, ನೋಡಿ. ಚಕ್ರದ ಹಿಂದೂ ಮುಂದೂ ಚಾಕಿನಲ್ಲಿ ಗುರುತು ಹಾಕಿ ಎರಡು ಚಕ್ರಗಳ ನಡುವಿನ ದೂರ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 3/64ರಿಂದ 3/32 ಇಂಚು, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್ ಕಡಿಮೆ ಇರಬೇಕು.

ಮೊದಲ ಓಟ ಮೆಲ್ಲಗೆ ಇರಲಿ. ನಾನು ಮುಳ್ಳೇರಿಯದಿಂದ ಆದೂರಿನವರೆಗೆ ಹೋಗಿ ಬಂದೆ. ತಿರುವಿನಲ್ಲಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು, ಬ್ರೇಕ್ ಹಾಕಿದರೆ ಒಂದು ಬದಿಗೆ ಎಳೆಯಬಾರದು. ಹೊಸ ಪ್ಲೇಟು ಮೊದಲ ಎರಡು ವಾರ ಸ್ವಲ್ಪ ಎತ್ತರ ನಿಲ್ಲುತ್ತದೆ, ಆಮೇಲೆ ಕೂರುತ್ತದೆ. ಹೆದರಬೇಡಿ.

100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿಯಿರಿ. ಸುಮ್ನೆ ಹೇಳುವುದಲ್ಲ, ನಮ್ಮದರಲ್ಲಿ ಬಲಬದಿಯ ಎರಡು ನಟ್ಟು ಅರ್ಧ ಸುತ್ತು ಹೋಯಿತು. ಬಣ್ಣ, ತುಕ್ಕು, ಧೂಳು ಎಲ್ಲ ನಡುವೆ ಹುಡಿಯಾಗಿ ಜಾಗ ಬಿಟ್ಟಿರುತ್ತದೆ. 500 ಕಿಲೋಮೀಟರಿಗೆ ಇನ್ನೊಮ್ಮೆ, ಆಮೇಲೆ ಪ್ರತಿ ಮಳೆಗಾಲದ ಮೊದಲು.

ಹಳೇ ಪ್ಲೇಟನ್ನು ಗುಜರಿಗೆ ಕೊಡಬೇಡಿ. ಆಚಾರಿಯ ಕುಲುಮೆಗೆ ಕೊಡಿ. ಕತ್ತಿಗೆ ಇದಕ್ಕಿಂತ ಒಳ್ಳೆಯ ಉಕ್ಕು ನಮ್ಮ ಕಡೆ ಸಿಗುವುದು ಕಷ್ಟ. ಬಿರುಕು ಬಿಟ್ಟ ತುಂಡು ಬೇಡ, ಮೊದಲೇ ಕತ್ತರಿಸಿ ತೆಗೆದಿಡಿ. ನಮ್ಮ ಎರಡು ಸೆಟ್ಟಿನಿಂದ ನಾಲ್ಕು ಕತ್ತಿ ಆಯಿತು. ಒಂದನ್ನು ಭಾವ ಕೇಳದೆಯೇ ಎತ್ತಿಕೊಂಡು ಹೋಗಿದ್ದಾನೆ.